ಅಕ್ಕನ ಕಿವಿನೋವು

ವನಜಾಕ್ಷಿ ಕಾದಂಬರಿ ಬರೆದಿದ್ದಳು. ಬರೆದಿದ್ದಳು ಅನ್ನುವುದಕ್ಕಿಂತ ಬರೆದು ಸಿಕ್ಕಿಹಾಕಿಕೊಂಡಿದ್ದಳು ಅನ್ನಬೇಕು. ಅವಳ ಕಾದಂಬರಿಯ ಹುಡುಗ ಚನ್ನ ಹುಟ್ಟಿದ, ಅಂಬೆಗಾಲಿಟ್ಟ, ಕುರಿಮರಿಯ ಬಾಲ ಎಳೆದು ಒದೆಸಿಕೊಂಡ, ಸ್ಕೂಲಿಗೆ ಸೇರಿದ, ಮೇಷ್ಟರ ಕೈಯಲ್ಲಿ ಹುಣಸೆ ಬರಲಿನ ಏಟು ತಿಂದ, ಓದಿದ, ಪಾಸಾದ, ಕೊನೆಗೆ ದೊಡ್ಡೇರಿಯಲ್ಲಿ ಮಧುಗಿರಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ. ಕೂತವನು ಕೂತೇ ಇದ್ದ. ಅಲ್ಲಿ ಅವನು ದೊಡ್ಡವನಾಗಬೇಕಿತ್ತು. ಆಸಾಮಿ ಆಗಲಿಲ್ಲ.

ಇದನ್ನು ಮೊದಲು ಕಂಡುಹಿಡಿದವನು ತುಮಕೂರಿನ ಪ್ರಕಾಶಕ ಪ್ರಸನ್ನ ಕುಮಾರ್. ಫೋನಿನಲ್ಲಿ ಮುಲಾಜಿಲ್ಲದೆ ಹೇಳಿಬಿಟ್ಟ.

“ಮೇಡಂ, ಎಲ್ಲಾ ಚೆನ್ನಾಗಿದೆ. ಹುಡುಗ ಬೆಳೆದು ದೊಡ್ಡೋನಾಗೋ ಕತೆ ಅಂದ್ರಿ. ಹಳ್ಳಿ ಇದೆ, ಮೇಷ್ಟ್ರು ಇದ್ದಾರೆ, ಕುರಿ ಇದೆ. ದೊಡ್ಡೋನಾಗಿದ್ದು ಎಲ್ಲಿ? ಬಸ್ಸು ಹತ್ತಿದ್ರೆ ದೊಡ್ಡೋನಾಗ್ತಾನಾ? ಹಂಗಾದ್ರೆ ನಮ್ಮ ಕಂಡಕ್ಟರ್‌ಗಳೆಲ್ಲ ಋಷಿಗಳಾಗ್ಬೇಕಿತ್ತು.”

“ಅಂದ್ರೆ ಕೊನೇ ಅಧ್ಯಾಯ ಸರಿ ಇಲ್ಲ ಅಂತೀರಾ?”

“ಕೊನೇ ಅಧ್ಯಾಯ ಇಲ್ಲವೇ ಇಲ್ಲ ಅಂತೀನಿ. ಯುಗಾದಿ ಹೊತ್ತಿಗೆ ಬರೆದು ಕಳಿಸಿ. ಆಗಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಈ ವರ್ಷ ಬೇರೆಯವರದ್ದು ಹಾಕ್ತೀನಿ.”

ಬೇಜಾರು ಮಾಡಿಕೊಳ್ಳಬೇಡಿ ಅಂದರೆ ಮಾಡಿಕೊಳ್ಳದೆ ಇರುವುದಕ್ಕಾಗುತ್ತದೆಯೇ? ಆ ಪುಸ್ತಕ ಅವಳಿಗೆ ಬೇಕೇ ಬೇಕಾಗಿತ್ತು. ಪಾವಗಡ, ಬುಕ್ಕಾಪಟ್ಟಣ, ಮಧುಗಿರಿ, ಈಗ ಮಧುಗಿರಿಯಿಂದಲೇ ಓಡಾಡುವ ಕೊರಟಗೆರೆ ಅಂತ ನಾಲ್ಕು ಊರಿನ ನೀರು ಕುಡಿದ ಕನ್ನಡ ಟೀಚರ್ ಅವಳು. ಇಷ್ಟು ವರ್ಷ ಬೇರೆಯವರು ಬರೆದದ್ದನ್ನೇ ಓದಿಸಿ, ಬೇರೆಯವರು ಬರೆದದ್ದಕ್ಕೇ ಪ್ರಶ್ನೆ ಕೇಳಿ, ಬೇರೆಯವರ ಹೆಸರನ್ನೇ ಬೋರ್ಡಿನ ಮೇಲೆ ಬರೆದು ಅಳಿಸಿದ್ದಳು. ರಿಟೈರ್ ಆಗುವ ಮೊದಲು ಒಂದು ಪುಸ್ತಕದ ಮೇಲೆ ತನ್ನ ಹೆಸರು ನೋಡಬೇಕು ಅನ್ನುವುದು ಅವಳ ಆಸೆ. ಸಾಲದ್ದಕ್ಕೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡೂ ಬಿಟ್ಟಿದ್ದಳು.

ಆ ಶನಿವಾರ ಅಕ್ಕನ ಮಗಳು ಅನುಷಾ ತುಮಕೂರಿನಿಂದ ಬಂದಳು. ವನಜಾಕ್ಷಿಯ ಅಕ್ಕ ದಾಸಮ್ಮ ಇರುವುದು ಹುಟ್ಟಿದೂರು ದೊಡ್ಡೇರಿಯಲ್ಲೇ. ಮಗಳು ಮಾತ್ರ ಊರಿಗೆ ಹೋಗುವ ಮೊದಲು ಮಧುಗಿರಿಯಲ್ಲಿ ಚಿಕ್ಕಮ್ಮನ ಮನೆಗೆ ನುಗ್ಗಿ, ಇದ್ದಬದ್ದದ್ದನ್ನು ತಿಂದು, ಒಂದು ರಾತ್ರಿ ಹರಟಿಯೇ ಹೋಗುವವಳು. ಅವಳು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಯಾವುದರ ಮೇಲೆ ಅಂತೀರಿ? ಎಳೆಯರು ಬೆಳೆದು ದೊಡ್ಡವರಾಗುವ ಕಾದಂಬರಿಗಳ ಮೇಲೆ. ಆ ಬಗೆಯ ಕಾದಂಬರಿಗೆ ಜರ್ಮನ್ ಭಾಷೆಯಲ್ಲಿ ಬಾಯಿಗೆ ಹತ್ತದ ಒಂದು ಹೆಸರೂ ಇದೆಯಂತೆ. ಅನುಷಾ ಅದನ್ನು ಅಂದಾಗಲೆಲ್ಲ ವನಜಾಕ್ಷಿಗೆ ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ ಕೇಳಿಸುತ್ತಿತ್ತು.

“ಏನೇ ಅನು, ಅಷ್ಟು ಓದಿದ್ದೀಯಲ್ಲ, ಹೇಳು. ಈ ಕಾದಂಬರಿಗಳಲ್ಲಿ ಹುಡುಗ ಯಾವಾಗ ದೊಡ್ಡೋನಾಗ್ತಾನೆ?”

ಅನುಷಾ ಚಕ್ಕುಲಿ ಮುರಿಯುತ್ತಾ ಪಾಠ ಒಪ್ಪಿಸಿದಳು. “ಒಬ್ಬ ಹುಡುಗ ಇರ್ತಾನೆ. ಅಪ್ಪನ ಜೊತೆ ಜಗಳ. ಒಬ್ಬ ಮೇಷ್ಟ್ರು. ಮನೇಲಿ ಒಂದು ಸಾವು. ಒಬ್ಬ ಹುಡುಗಿ, ಅವಳು ಸಿಗಲ್ಲ. ಆಮೇಲೆ ಊರು ಬಿಡ್ತಾನೆ. ಬಿಡೋ ಹೊತ್ತಿಗೆ ಅವನಿಗೆ ಏನೋ ಒಂದು ಗೊತ್ತಾಗಿರುತ್ತೆ.”

“ಆ ಏನೋ ಒಂದು ಅಂದ್ರೆ ಏನು?”

“ನಮ್ಮ ಗೈಡ್ ಹೇಳ್ತಾರೆ, ಲೋಕ ಇರೋದು ತನಗೋಸ್ಕರ ಅಲ್ಲ ಅಂತ ಗೊತ್ತಾಗೋದು ಅಂತ.”

“ನಿಮ್ಮ ಗೈಡಿಗೆ ಅದು ಗೊತ್ತಾಗಿದ್ಯಾ?”

“ಇನ್ನೂ ಇಲ್ಲ,” ಅಂದಳು ಅನುಷಾ. ಇಬ್ಬರೂ ನಕ್ಕರು.

ನಗು ಮುಗಿದ ಮೇಲೆ, ಕಾದಂಬರಿಯ ಹಾಳೆಗಳನ್ನು ಆಗಲೇ ಓದಿದ್ದ ಹುಡುಗಿ ಮೆಲ್ಲಗೆ ಕೇಳಿದಳು. “ಚಿಕ್ಕಮ್ಮ, ಚನ್ನ ನೀನೇ ಅಲ್ವಾ? ಚಡ್ಡಿ ಹಾಕಿಸಿದ್ದೀಯ ಅಷ್ಟೆ. ನಿನ್ನದೇ ಕೇರಿ, ನಿನ್ನದೇ ಮೇಷ್ಟ್ರು, ನಿನ್ನದೇ ಕುರಿ. ಹುಡುಗನ್ನ ಯಾಕೆ ಮಾಡ್ದೆ?”

“ಹುಡುಗಿ ಆಗಿದ್ರೆ ಮೂರನೇ ಅಧ್ಯಾಯಕ್ಕೇ ಮನೇಲಿ ಕೂರಿಸ್ತಾರೆ ಕಣೇ. ಕತೆ ಮುಂದಕ್ಕೆ ಹೋಗ್ಬೇಕಲ್ಲ.”

ತಮಾಷೆಗೆ ಅಂದದ್ದೇನೋ ಸರಿ, ಆದರೆ ಆ ಪ್ರಶ್ನೆ ವನಜಾಕ್ಷಿಯ ತಲೆಯೊಳಗೆ ಹುಳ ಬಿಟ್ಟ ಹಾಗಾಯಿತು. ಚನ್ನ ಅವಳೇ ಆಗಿದ್ದರೆ, ಅವಳು ದೊಡ್ಡವಳಾದದ್ದು ಯಾವಾಗ? ಕೆಲಸಕ್ಕೆ ಸೇರಿದಾಗಲೇ? ಮದುವೆಯಾದಾಗಲೇ? ಅಪ್ಪ ದೊಡ್ಡಹನುಮಯ್ಯ ತೀರಿಕೊಂಡಾಗಲೇ? ಎಷ್ಟು ತಡಕಾಡಿದರೂ ‘ಇಗೋ ಇಲ್ಲೇ’ ಅಂತ ಕೈಯಿಡುವಂಥ ಒಂದು ದಿನ ಸಿಗಲಿಲ್ಲ. ತನ್ನದು ಸಿಗದಿದ್ದರೆ ಬೇರೆಯವರದ್ದನ್ನು ಕೇಳಿದರಾಯಿತು ಅಂದುಕೊಂಡಳು. ಶುರುವಾಯಿತು ನೋಡಿ. ಅವಳ ಕೈಗೆ ಸಿಕ್ಕವರಿಗೆಲ್ಲ ಒಂದೇ ಪ್ರಶ್ನೆ: ನೀವು ಯಾವಾಗ ದೊಡ್ಡವರಾದಿರಿ?

ಮೊದಲು ಸಿಕ್ಕವರು ಅವಳ ಸ್ಕೂಲಿನ ಹೆಡ್‌ಮಾಸ್ಟರ್ ಮಲ್ಲಿಕಾರ್ಜುನಯ್ಯ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಬಹಳ ಹೊತ್ತು ಯೋಚಿಸಿದರು.

“ಮದುವೆ ಮನೇಲಿ, ಮೇಡಂ. ನಮ್ಮ ಸೋದರತ್ತೆ ಮಗಳ ಮದುವೆ. ಪ್ರತಿ ಸಲ ಮೊದಲ ಪಂಕ್ತೀಲಿ ಓಡಿಹೋಗಿ ಕೂರ್ತಿದ್ದೆ. ಅವತ್ತೂ ಎಲೆ ಮುಂದೆ ಕೂತೆ. ನಮ್ಮ ಮಾವ ಬಂದು ರಟ್ಟೆ ಹಿಡಿದು ಎಬ್ಬಿಸಿ, ಕೈಗೆ ಸಾಂಬಾರ್ ಬಕೀಟು ಕೊಟ್ಟು, ‘ಬಡಿಸೋ’ ಅಂದ್ರು. ಅಷ್ಟೆ. ಆಮೇಲೆ ಯಾವ ಮದುವೇಲೂ ನನಗೆ ಮೊದಲ ಪಂಕ್ತಿ ಸಿಗಲಿಲ್ಲ.”

ವನಜಾಕ್ಷಿಗೆ ಇದು ಬಲು ಹಿಡಿಸಿತು. ಮನೆಗೆ ಬಂದು ಚನ್ನನ ಕೈಗೂ ಬಕೀಟು ಕೊಟ್ಟು ನೋಡಿದಳು. ಅವನು ಬಡಿಸಿದ, ಚೆಲ್ಲಿದ, ಬೈಸಿಕೊಂಡ, ಮತ್ತೆ ಹೋಗಿ ಬಸ್ಸಿನಲ್ಲಿ ಕೂತ.

ಬುಕ್ಕಾಪಟ್ಟಣದಲ್ಲಿ ಕೆಲಸ ಮಾಡುವಾಗ ಪಕ್ಕದ ಮನೆಯವಳಾಗಿದ್ದ ಗಂಗಲಕ್ಷ್ಮಿಗೆ ಫೋನು ಮಾಡಿದಳು. ಗಂಗಲಕ್ಷ್ಮಿಯ ಬಾಯಿ ಕೇಳಬೇಕೇ.

“ನಾನಾ? ದೊಡ್ಡೋಳಾದಾಗ ಸೊಪ್ಪಿನ ಗುಡ್ಲು ಹಾಕಿ, ಒಳಗೆ ಕೂರ್ಸಿ, ಕೊಬ್ಬರಿ ಬೆಲ್ಲ, ಚಿಗಳಿ ಉಂಡೆ ತಿನ್ಸಿ ತಿನ್ಸಿ ಹಂದಿಮರಿ ಮಾಡ್ಬುಟ್ರು ಕಣಮ್ಮ. ಆರತಿ ಎತ್ತಿದ್ರು, ಹಾಡೇಳಿದ್ರು. ಊರಿಗೆಲ್ಲ ನಾನು ದೊಡ್ಡೋಳು. ಗುಡ್ಲು ಕಿತ್ತ ಮಾರ್ನೇ ದಿನ ನಾನು ಬೀದೀಲಿ ಕುಂಟೆಬಿಲ್ಲೆ ಆಡ್ತಿದ್ದೆ. ನಮ್ಮವ್ವ ಪೊರಕೆ ತಗಂಡು ಅಟ್ಟಾಡ್ಸಿತು. ಆರತಿ ಎತ್ತಿದ್ರೆ ಯಾರಾದ್ರೂ ದೊಡ್ಡೋರಾಗ್ತಾರಾ? ಅದು ಊರೋರ ಲೆಕ್ಕ, ನಮ್ಮದಲ್ಲ.”

“ಮತ್ತೆ ನಿನ್ನ ಲೆಕ್ಕದಲ್ಲಿ ಯಾವಾಗ?”

“ನನಗೆ ಇನ್ನೂ ಕುಂಟೆಬಿಲ್ಲೆ ಆಡೋ ಆಸೆ ಐತಲ್ಲ, ಏನೇಳ್ಲಿ?”

ಪಾವಗಡದ ಕಡೆಯ ಉತ್ತರ ತಾನಾಗಿಯೇ ಮನೆ ಬಾಗಿಲಿಗೆ ಬಂತು. ಕ್ಯಾತಗಾನಚೆರ್ಲಿನ ತಿಪ್ಪೇರುದ್ರ ಮಗಳ ಮದುವೆಯ ಕಾರ್ಡು ಕೊಡಲು ಬಂದಿದ್ದ. ಆ ಹುಡುಗಿಗೆ ವನಜಾಕ್ಷಿ ಕನ್ನಡ ಕಲಿಸಿದ್ದಳು. ತಿಪ್ಪೇರುದ್ರನ ಹೊಲ ಈಗ ಸೋಲಾರ್‌ಗೆ ಲೀಸಿಗೆ ಹೋಗಿದೆ. ಕಾಫಿ ಕೊಟ್ಟು, ಕಾರ್ಡು ನೋಡಿ, ಹುಡುಗನ ಊರು ವಿಚಾರಿಸಿ, ಆಮೇಲೆ ಅವಳು ತನ್ನ ಪ್ರಶ್ನೆ ಎತ್ತಿದಳು. ಅವನು ಲೋಟ ಕೆಳಗಿಟ್ಟು ಕಿಸಕ್ಕನೆ ನಕ್ಕ.

“ಮೊನ್ನೆ ಮೊನ್ನೆ ಮೇಡಂ. ನಮ್ಮ ಒಲ ಎಂಗೈತೆ ನೋಡಾನ ಅಂತ ಬೇಲಿ ಹತ್ರ ಓದೆ. ಕಡ್ಲೆಕಾಯಿ ಬೆಳೀತಿದ್ದ ಜಾಗದಾಗೆ ಬರೀ ಗಾಜು. ಅಲ್ಲಿ ವಾಚ್‌ಮನ್ ಒಬ್ಬ, ಆಂಧ್ರದ ಉಡುಗ, ನನ್ನ ಮಗನ ವಯಸ್ಸು. ‘ಪೆದ್ದಾಯನಾ, ಲೋಪಲಿಕಿ ರಾಕೂಡದು’ ಅಂದ. ಪೆದ್ದಾಯನ! ಯಜಮಾನಪ್ಪ, ಒಳಗೆ ಬರಂಗಿಲ್ಲ ಅಂತ. ನಮ್ಮ ಒಲದಾಗೆ ಆವರೆಗೂ ನಾನು ನಮ್ಮಪ್ಪನ ಮಗ ಮೇಡಂ. ಅವತ್ತು ಪೆದ್ದಾಯನ ಆಗ್ಬುಟ್ಟೆ. ಅಂತೇ ಕದಾ, ಅಷ್ಟೇ ಅಲ್ವಾ!”

ಹೀಗೆ ಒಬ್ಬೊಬ್ಬರದು ಒಂದೊಂದು. ವನಜಾಕ್ಷಿಗೆ ಸೋಜಿಗವೋ ಸೋಜಿಗ. ಪುಸ್ತಕದೊಳಗಿನ ಹುಡುಗರೆಲ್ಲ ಒಂದೇ ಅಚ್ಚಿನಲ್ಲಿ ದೊಡ್ಡವರಾಗುತ್ತಾರೆ. ಊರು ಬಿಡುತ್ತಾರೆ, ತಿರುಗಿ ನೋಡುತ್ತಾರೆ, ಮುಗಿಯಿತು. ಹೊರಗಿನ ಜನ ಬಕೀಟು ಹಿಡಿದು, ಬೇಲಿಯ ಹೊರಗೆ ನಿಂತು, ಯಾರೂ ನೋಡದ ಜಾಗದಲ್ಲಿ ದೊಡ್ಡವರಾಗಿಬಿಟ್ಟಿರುತ್ತಾರೆ. ಕೇಳುವುದಂತೂ ಅವಳಿಗೆ ಕುಶಾಲಾಗಿಬಿಟ್ಟಿತ್ತು. ಆದರೆ ಯುಗಾದಿ ಹತ್ತಿರ ಬರುತ್ತಿತ್ತು, ಚನ್ನ ಮಾತ್ರ ಬಸ್ಸು ಬಿಟ್ಟು ಇಳಿಯಲೊಲ್ಲ.

ಮುಂದಿನ ಸಲ ಬಂದ ಅನುಷಾಗೆ ಇದನ್ನೆಲ್ಲ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು. “ಅಮ್ಮನ್ನ ಕೇಳ್ದಾ?”

“ನಿಮ್ಮಮ್ಮನ್ನಾ? ಅವಳದ್ದೇನಿರುತ್ತೆ ಬಿಡೇ. ಅವಳು ಹುಟ್ಟಿದಾಗ್ಲೇ ದೊಡ್ಡೋಳು.”

ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿದ್ದಾರೆಯೇ? ಪಾವಗಡದ ಗಡಿಯವರೆಗೂ ಕೇಳಿಕೊಂಡು ಬಂದವಳಿಗೆ ಒಡಹುಟ್ಟಿದವಳು ನೆನಪಿಗೇ ಬಂದಿರಲಿಲ್ಲ. ದಾಸಮ್ಮ ಅಂದರೆ ಕಾದಂಬರಿಯಲ್ಲೂ ಅಷ್ಟೆ. ಚನ್ನನಿಗೊಬ್ಬಳು ಅಕ್ಕ ಇದ್ದಳು. ಓದುಗರು ನಗಲಿ ಅಂತಲೇ ವನಜಾಕ್ಷಿ ಅವಳನ್ನು ಬರೆದಿದ್ದಳು.

“ಅಮ್ಮನಿಗೆ ಕಾದಂಬರಿ ಓದಿ ಹೇಳೋಣ. ಅವಳಿಗೂ ಗೊತ್ತಾಗ್ಲಿ, ಅವಳ ತಂಗಿ ಏನು ಬರೆದಿದ್ದಾಳೆ ಅಂತ,” ಅಂದಳು ಅನುಷಾ. ಭಾನುವಾರ ಇಬ್ಬರೂ ದೊಡ್ಡೇರಿಗೆ ಹೊರಟರು.

ಹುಣಸೆ ಕಾಲ. ಕೇರಿಯಲ್ಲಿ ಯಾವ ಅಂಗಳ ನೋಡಿದರೂ ಹುಣಸೆಹಣ್ಣಿನ ಗುಡ್ಡೆ. ದಾಸಮ್ಮನ ಅಂಗಳದಲ್ಲಿ ಅವಳೂ ಪಕ್ಕದ ಮನೆಯ ರಂಗಕ್ಕನೂ ಕಲ್ಲಿನ ಮೇಲೆ ಹಣ್ಣಿಟ್ಟು ಸುತ್ತಿಗೆಯಿಂದ ಕುಟ್ಟಿ, ಬೀಜ ಒಂದು ಕಡೆ, ಹಣ್ಣು ಒಂದು ಕಡೆ ಮಾಡುತ್ತಿದ್ದರು. ತೆರೆದ ಬಾಗಿಲಿಂದ ಒಳಗಿನ ಗೋಡೆ ಕಾಣುತ್ತಿತ್ತು. ಅಲ್ಲಿ ಬುದ್ಧನ ಪಟ, ಅದರ ಪಕ್ಕದಲ್ಲಿ ಅಪ್ಪನ ಫೋಟೊ.

“ಬಂದ್ಬುಟ್ಟಾ? ಬಾ ಬಾ. ಮೊದ್ಲು ಮುದ್ದೆ ಉಣ್ಣು. ಮುಖ ನೋಡು ಎಂಗ್ ಬಾಡೋಗೈತೆ,” ಅಂದಳು ದಾಸಮ್ಮ. ತಂಗಿಗಿಂತ ಎರಡೇ ವರ್ಷ ದೊಡ್ಡವಳು, ಮಾತು ಮಾತ್ರ ಅವ್ವನದ್ದೇ.

ಊಟವಾದ ಮೇಲೆ ವನಜಾಕ್ಷಿಯೂ ಒಂದು ಸುತ್ತಿಗೆ ಹಿಡಿದು ಕೂತಳು. ಅನುಷಾ ಜಗಲಿಯ ಮೇಲೆ ಕೂತು ಹಾಳೆ ತೆಗೆದಳು. ಚನ್ನ ಸ್ಕೂಲಿಗೆ ಸೇರುವ ಅಧ್ಯಾಯ ಅದು. ಆಗೆಲ್ಲ ಹುಟ್ಟಿದ ತಾರೀಕು ಯಾರಿಗೆ ಗೊತ್ತಿರುತ್ತಿತ್ತು? ಬಲಗೈಯನ್ನು ನೆತ್ತಿಯ ಮೇಲಿಂದ ಹಾಕಿ ಎಡಗಿವಿ ಮುಟ್ಟು ಅನ್ನುತ್ತಿದ್ದರು ಮೇಷ್ಟರು. ಮುಟ್ಟಿದರೆ ವಯಸ್ಸಾಯಿತು, ಸೇರಿಸಿಕೊಂಡರು. ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಸೇರಿದವರಿಗೆಲ್ಲ ಹುಟ್ಟಿದ ದಿನ ಜೂನ್ ಒಂದು. ಇಡೀ ಕೇರಿ ಒಂದೇ ದಿನ ಹುಟ್ಟಿದ್ದು.

ಅನುಷಾ ಓದಿದಳು: “‘ಮೊದಲು ಅಕ್ಕನ ಸರದಿ. ಅಕ್ಕನ ಕೈ ನೆತ್ತಿಯವರೆಗೆ ಹೋಗಿ, ದಾರಿ ತಪ್ಪಿದ ಹಲ್ಲಿಯ ಹಾಗೆ ಅಲ್ಲೇ ನಿಂತುಬಿಟ್ಟಿತು. ಇನ್ನೂ ಚಾಚಮ್ಮ ಎಂದರು ಮೇಷ್ಟರು. ಅದು ಚಾಚಲಿಲ್ಲ. ಗಿಡ್ಡ ಕೈ ರಾಣಿ, ನೀನು ಕುರಿ ಕಾಯೋಕೇ ಸರಿ ಎಂದು ನಕ್ಕರು. ಆಮೇಲೆ ಚನ್ನ ಬಂದ. ಚನ್ನನ ಕೈ ಮುಟ್ಟಿತು. ಅಂದಿನಿಂದ ಅವನು ಸ್ಕೂಲಿಗೆ, ಅಕ್ಕ ಕುರಿಯ ಹಿಂದೆ.’”

ರಂಗಕ್ಕ ಬಿದ್ದು ಬಿದ್ದು ನಕ್ಕಳು. ದಾಸಮ್ಮ ಅವಳಿಗಿಂತ ಹೆಚ್ಚು ನಕ್ಕಳು.

“ಇನ್ನೂ ಇದೆ, ಕೇಳಿ,” ಅಂತ ಅನುಷಾ ಹಾಳೆ ತಿರುವಿದಳು. “‘ಮಾರನೆಯ ವರ್ಷ ಮುಂಗಾರಿಗೆ ಅಕ್ಕನಿಗೆ ಕಿವಿನೋವು ಬಂತು. ಕೂತಾಗ ಕೈ ಕಿವಿಯ ಮೇಲೆ, ಕುರಿ ಅಟ್ಟುವಾಗ ಕಿವಿಯ ಮೇಲೆ, ಅಪ್ಪನ ಎದುರಿಗೆ ನಿಂತರೂ ಕಿವಿಯ ಮೇಲೆ. ಅಜ್ಜಿ ಬೆಳ್ಳುಳ್ಳಿ ಹಾಕಿ ಹರಳೆಣ್ಣೆ ಕಾಯಿಸಿ ಕಿವಿಗೆ ಹುಯ್ದಳು. ಎಣ್ಣೆ ಕುತ್ತಿಗೆಗೆ ಇಳಿದು, ನೊಣಗಳೆಲ್ಲ ಅಕ್ಕನ ಹಿಂದೆ ಮೆರವಣಿಗೆ ಹೊರಟವು.’”

“ಅಯ್ಯೋ ನಿನ್ನ! ನೊಣನೂ ಬರ್ದವ್ಳಲ್ಲೇ!” ರಂಗಕ್ಕ ಕಣ್ಣೊರೆಸಿಕೊಂಡಳು. “ಆದ್ರೆ ಒಂದು ಮಾತು ಕಣಮ್ಮ ಮೇಷ್ಟ್ರಮ್ಮ. ನಮ್ಮ ದಾಸಿ ಕೈ ಗಿಡ್ಡನಾ? ಗಳ ಇಲ್ದೆ ಕೊಂಬೆ ಬಗ್ಸೋ ಕೈ ಅದು. ಇಡೀ ಕೇರೀಲಿ ಅಂಥ ಉದ್ದನೆ ಕೈ ಇನ್ಯಾರ್ದೈತೆ?”

ವನಜಾಕ್ಷಿ ಅಕ್ಕನ ಕೈ ನೋಡಿದಳು. ಹುಣಸೆಹಣ್ಣು ಮೆತ್ತಿದ, ನೀಳವಾದ, ಮೂಳೆ ಕಾಣುವ ಕೈ. ಚಿಕ್ಕವಳಿದ್ದಾಗ ಗಿಡ್ಡಗಿತ್ತೇನೋ ಅಂದುಕೊಳ್ಳಲು ಹೋದಳು, ಆಗಲಿಲ್ಲ. ಅವಳೂ ಟೀಚರ್ ಅಲ್ಲವೇ? ಎಷ್ಟು ಮಕ್ಕಳನ್ನು ನೋಡಿಲ್ಲ? ಐದು ವರ್ಷದ ಮಗು ಕುತ್ತಿಗೆ ಓರೆ ಮಾಡಿ ಒದ್ದಾಡಿದರೂ ಕಿವಿ ಸಿಗುವುದಿಲ್ಲ. ಏಳು ವರ್ಷದ ಮಗುವಿಗೆ ಸಿಕ್ಕೇ ಸಿಗುತ್ತದೆ. ಅವತ್ತು ತನಗೆ ಐದು, ಅಕ್ಕನಿಗೆ ಏಳು. ಮುಟ್ಟಬೇಕಾದ ಕೈ ಮುಟ್ಟಲಿಲ್ಲ, ಮುಟ್ಟಬಾರದ ಕೈ ಮುಟ್ಟಿತು ಅಂತ ಬರೆದು, ಅದನ್ನು ಅಷ್ಟು ಸಲ ತಿದ್ದಿಯೂ ಅವಳಿಗೆ ಅನುಮಾನ ಬಂದಿರಲಿಲ್ಲ.

“ಅಕ್ಕ,” ಅಂದಳು. “ಅವತ್ತು ನಿನ್ನ ಕೈ ಮುಟ್ತಿತ್ತಾ?”

ದಾಸಮ್ಮ ಸುತ್ತಿಗೆ ನಿಲ್ಲಿಸಲಿಲ್ಲ. “ಮುಟ್ತಿತ್ತು ಕಣೇ. ಮುಟ್ದೆ ಏನು? ಇಂದ್ಲ ದಿನ ಎಲ್ಲಾ ಅದೇ ಕೆಲ್ಸ ಮಾಡಿದ್ದೆ.”

“ಮತ್ತೆ ಯಾಕೆ?”

“ನೀನು ಇಸ್ಕೂಲ್ ಬಾಕ್ಲಲ್ಲಿ ಬಿದ್ದು ಒರಳಾಡ್ತಿದ್ದಲ್ಲ. ಮೂಗು ತುಂಬ ಗೊಣ್ಣೆ. ‘ನಾನೂ ಓಗ್ತೀನಿ, ನಾನೂ ಓಗ್ತೀನಿ’ ಅಂತ. ಅಪ್ಪ ಏನಂದಿತ್ತು? ಯಾರ ಕೈ ಮುಟ್ತದೋ ಅವ್ರು ಇಸ್ಕೂಲಿಗೆ, ಇನ್ನೊಬ್ರು ತಮ್ಮ ಅಶ್ವತ್ಥನ್ನ ಆಡುಸ್ಕಂಡು ಕುರಿ ನೋಡ್ಕಳ್ಳಿ ಅಂತ. ಅವನು ಆಗ ತೊಟ್ಲ ಕೂಸು, ಅವ್ವ ಕೂಲಿಗೆ ಓಗ್ಬೇಕು. ನನ್ ಕೈ ನೆತ್ತಿ ಮ್ಯಾಲೆ ಇತ್ತು. ನಿನ್ ಮುಖ ನೋಡ್ದೆ. ಈ ವರ್ಸ ಇವ್ಳು ಓಗ್ಲಿ, ಬರೋ ವರ್ಸ ನಾನು ಓದ್ರಾಯ್ತು ಅನ್ಕಂಡೆ. ಕೈನ ಅಲ್ಲೇ ನಿಲ್ಸ್ಬುಟ್ಟೆ. ಆಮ್ಯಾಕೆ ನಿನ್ ಮೊಣಕೈನ ಇಂದ್ಲಿಂದ ತಳ್ಳಿದ್ದೂ ನಾನೇ ಕಣೇ. ಇಲ್ದಿದ್ರೆ ನಿಂದೆಲ್ಲಿ ಮುಟ್ತಿತ್ತು?”

ರಂಗಕ್ಕ ಈಗ ನಗಲಿಲ್ಲ. ಅನುಷಾ ಹಾಳೆ ಮಡಿಲಿಗಿಟ್ಟುಕೊಂಡಳು.

ವನಜಾಕ್ಷಿಗೆ ಅಳು ಒತ್ತರಿಸಿ ಬಂತು. ಅಕ್ಕನ ಅಂಟು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾಚಿಕೆ, ಪ್ರೀತಿ, ಸಂಕಟ ಎಲ್ಲ ಒಟ್ಟಿಗೇ ಬಂದವು. ಬರೆಯುವವರ ಬುದ್ಧಿ ನೋಡಿ, ಹಾಗೆ ಅಳುತ್ತಿರುವಾಗಲೂ ಅವಳೊಳಗೊಬ್ಬಳು ಕೂತು ಕೊನೆಯ ಅಧ್ಯಾಯ ಗೀಚುತ್ತಿದ್ದಳು. ತಂಗಿಗಾಗಿ ಕೈ ತಡೆದ ಅಕ್ಕ! ಇದಕ್ಕಿಂತ ಇನ್ನೇನು ಬೇಕು? ಪ್ರಸನ್ನ ಕುಮಾರನಿಗೆ ನಾಳೆಯೇ ಕಳಿಸಬಹುದು.

“ಅಕ್ಕ, ಹಂಗಾದ್ರೆ ಅವತ್ತೇ ನೀನು ದೊಡ್ಡೋಳಾಗ್ಬುಟ್ಟೆ. ಏಳು ವರ್ಷಕ್ಕೇ!”

“ಥೂ, ಬುಡೇ ಕೈನ. ಸೀರೆಗೆಲ್ಲ ಹಣ್ಣು ಮೆತ್ತೀಯ.” ದಾಸಮ್ಮ ಕೈ ಕಿತ್ತುಕೊಂಡಳು. “ಅವತ್ತು ನಾನೂ ಕೂಸೇ ಕಣೇ. ದೊಡ್ಡೋಳಾಗಿದ್ರೆ ಅಂಗ್ ಮಾಡ್ತಿದ್ನಾ? ಬರೋ ವರ್ಸ ಅಂದ್ರೆ ದಿಟವಾಗ್ಲೂ ಬರೋ ವರ್ಸ ಅಂತ ನಂಬಿದ್ದೆ. ಕೂಸುಗಳಲ್ವಾ ಅಂಗೆ ನಂಬೋದು?”

ಅವಳು ಇನ್ನೊಂದು ಹಣ್ಣು ಕಲ್ಲಿನ ಮೇಲಿಟ್ಟಳು. ಕುಟ್ಟಲಿಲ್ಲ.

“ಮಳೆ ಬಂತು, ಇಸ್ಕೂಲು ಸುರು ಆಯ್ತು. ನೀನು ಚೀಲ ತಗಂಡು ಒಂಟೋದೆ. ನನ್ನ ಯಾರೂ ಕರೀಲಿಲ್ಲ. ಅಪ್ಪ ಮರ್ತೇ ಓಗಿತ್ತು. ನಾನೇನ್ ಮಾಡ್ದೆ ಗೊತ್ತಾ? ಕೈ ಮುಟ್ತದೆ ಅಂತ ಅವ್ರೇ ನೋಡ್ಲಿ ಅಂತ, ನೆತ್ತಿ ಮ್ಯಾಲಿಂದ ಕೈ ಆಕಿ ಕಿವಿ ಇಡ್ಕಂಡೇ ಓಡಾಡ್ದೆ. ಅಪ್ಪ ಉಣ್ಣಕ್ ಕುಂತ್ರೆ ಎದ್ರಿಗೆ ಓಗಿ ನಿಲ್ಲದು. ಮೇಷ್ಟ್ರು ರಸ್ತೇಲಿ ಸೈಕಲ್ ಮ್ಯಾಲೆ ಬಂದ್ರೆ ಕುರಿ ಬುಟ್ಟು ಅಲ್ಲೇ ನಿಲ್ಲದು. ಅವ್ರು ಬೆಲ್ ಒಡ್ಕಂಡು ಒಂಟೋಗೋರು.”

ಅಕ್ಕ ಕಿವಿ ಹಿಡಿದುಕೊಂಡು ಓಡಾಡಿದ್ದನ್ನು ವನಜಾಕ್ಷಿಯೂ ಕಣ್ಣಾರೆ ಕಂಡಿದ್ದಳು. ಕಂಡದ್ದನ್ನು ನೊಣದ ಸಮೇತ ಬರೆದಿದ್ದಳು. ಯಾವ ಕೈಯಿಂದ ಯಾವ ಕಿವಿ ಅಂತ ಮಾತ್ರ ನೋಡಿರಲಿಲ್ಲ.

“ಬಾಯಿ ಬಿಟ್ಟು ಕೇಳ್ಬೋದಿತ್ತಲ್ಲಕ್ಕ,” ಅಂದಳು.

“ಎಂಗ್ ಕೇಳದು? ಮುಟ್ಟಲ್ಲ ಅಂತ ನಾನೇ ತೋರ್ಸಿದ್ದೆನಲ್ಲ.” ದಾಸಮ್ಮ ಬೆರಳಿಗಂಟಿದ ಹುಣಸೆ ನಾರು ಬಿಡಿಸಿಕೊಂಡಳು. “ಒಂದಿನ ಅಜ್ಜಿ ನೋಡ್ತು. ಈ ಕೂಸಿಗೆ ಕಿವಿ ಸೋರ್ತದೆ, ಮನೇಲಿ ಯಾರಿಗೂ ಕಣ್ಣಿಲ್ಲ ಅಂತ ಅವ್ವನ್ನ ಇಡ್ಕಂಡು ಬೈತು. ಎಣ್ಣೆ ಕಾಯ್ಸಿ, ತನ್ನ ತೊಡೆ ಮ್ಯಾಲೆ ನನ್ನ ಮಲಗುಸ್ಕಂಡು ಉಯ್ತು. ಅವ್ವ ಕೂಲಿ ಮುಗ್ಸಿ ಆಗಷ್ಟೇ ಬಂದಿತ್ತು, ಕೈಕಾಲೂ ತೊಳ್ದಿರ್ಲಿಲ್ಲ. ಬಾಕ್ಲಲ್ಲೇ ನಿಂತ್ಕಂಡು, ನನ್ ಮಗೀಗೆ ನೋವಾಗಿದ್ದು ನನ್ಗೇ ತಿಳೀಲಿಲ್ವಲ್ಲ ಅಂತ ಅಳ್ತಾ ಇತ್ತು. ಅದುನ್ನ ನೋಡಿ ನಾನೇನೇಳ್ಲಿ? ಕಿವಿ ನೋವಲ್ಲವ್ವ, ಇಸ್ಕೂಲಿಗೆ ಸೇರ್ಸಿ ಅನ್ಲಾ? ಅಂದಿದ್ರೆ ಅದು ಇನ್ನೂ ಅಳೋದು.”

“ಏನಂದೆ?”

“ವಾಸಿ ಆಯ್ತಜ್ಜಿ, ಈಗ ನೋವಿಲ್ಲ ಅಂದೆ. ಕೈ ಇಳ್ಸಿದೆ. ಆಮ್ಯಾಕೆ ಯಾವತ್ತೂ ಎತ್ತಲಿಲ್ಲ.” ದಾಸಮ್ಮ ಕಲ್ಲಿನ ಮೇಲಿದ್ದ ಹಣ್ಣನ್ನು ಈಗ ಕುಟ್ಟಿದಳು. “ದೊಡ್ಡೋಳಾಗ್ಬುಟ್ಟೆ ಅಂದ್ಯಲ್ಲ, ಆಗಿದ್ದು ಅವತ್ತು ಕಣೇ.”

ಕೇರಿಯ ತುದಿಯಲ್ಲಿ ಯಾರದೋ ಮನೆಯ ಸುತ್ತಿಗೆಯ ಸದ್ದು ಕೇಳುತ್ತಿತ್ತು. ವನಜಾಕ್ಷಿಯೊಳಗೆ ಕೂತು ಗೀಚುತ್ತಿದ್ದವಳು ಬರೆಯುವುದನ್ನು ನಿಲ್ಲಿಸಿದ್ದಳು. ಕೊನೆಯ ಅಧ್ಯಾಯವಾಗಿ ಇದನ್ನು ಅಂಟಿಸಲು ಬರುವುದಿಲ್ಲ ಅಂತ ಅವಳಿಗೆ ತಿಳಿಯಿತು. ಚನ್ನ ಯಾಕೆ ದೊಡ್ಡವನಾಗಲಿಲ್ಲ ಅನ್ನುವುದೂ ತಿಳಿಯಿತು. ಅವನು ಆಗಬೇಕಾದದ್ದನ್ನೆಲ್ಲ ಅವನ ಬದಲಿಗೆ ಇನ್ನೊಬ್ಬಳು ಆಗಿ ಮುಗಿಸಿದ್ದಳು.

“ಅನು, ಪ್ರಸನ್ನ ಕುಮಾರ್‌ಗೆ ಮೆಸೇಜ್ ಹಾಕು. ಯುಗಾದಿಗೆ ಆಗಲ್ಲ ಅಂತ.”

“ಚಿಕ್ಕಮ್ಮ! ಬೇರೆಯವರದ್ದು ಹಾಕ್ಬಿಡ್ತಾರೆ. ಇನ್ನು ಮುಂದಿನ ವರ್ಷವೇ. ಆಮೇಲೂ ಹಾಕ್ತಾರೋ ಇಲ್ವೋ.”

“ಹಾಕ್ಲಿ ಬಿಡು.” ಸುಳ್ಳೇಕೆ, ಸ್ಟಾಫ್ ರೂಮಿನವರ ಮುಖಗಳು ಕಣ್ಣ ಮುಂದೆ ಬಂದು ಹೋದವು. “ಅವನು ಬಸ್ಸಲ್ಲೇ ಕೂತಿರ್ಲಿ. ನಾನು ಮೊದಲನೇ ಅಧ್ಯಾಯದಿಂದ ಬರೀಬೇಕು. ಹುಡುಗ ಬೇಡ.”

ದಾಸಮ್ಮನಿಗೆ ಗಾಬರಿಯಾಯಿತು. “ಯಾಕ್ಲೇ ವನಜಿ, ನನ್ನಿಂದ ನಿನ್ ಪುಸ್ತಕ ಕೆಟ್ಟೋಯ್ತಾ? ನೀನು ಕೇಳ್ದೆ ಅಂತ ಸುಮ್ಕೆ ಏಳ್ದೆ ಕಣೇ. ಅದ್ನೆಲ್ಲ ಬರೀಬ್ಯಾಡ ಬುಡು. ಕಿವಿನೋವೇ ಇರ್ಲಿ. ಚೆಂದಾಗೈತೆ, ನಗು ಬತ್ತದೆ.”

ವನಜಾಕ್ಷಿ ಸುತ್ತಿಗೆ ಪಕ್ಕಕ್ಕಿಟ್ಟು, ಅಕ್ಕನ ಎದುರಿಗೆ ಸರಿಯಾಗಿ ತಿರುಗಿ ಕೂತಳು.

“ಅಕ್ಕ, ಯಾವ ಕಿವಿ ಅದು?”

“ಯಾವ್ದಾದ್ರೇನೇ ಈಗ?”

“ತೋರ್ಸು.”

ದಾಸಮ್ಮ ರಂಗಕ್ಕನ ಕಡೆ ನೋಡಿದಳು, ಮಗಳ ಕಡೆ ನೋಡಿದಳು, ನಾಚಿಕೊಂಡು ನಕ್ಕಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಬಲಗೈ ಎತ್ತಿ, ನರೆತ ನೆತ್ತಿಯ ಮೇಲಿಂದ ಹಾಯಿಸಿ, ಎಡಗಿವಿಯನ್ನು ಹಿಡಿದುಕೊಂಡಳು. ಹಾಗೇ ಹಿಡಿದುಕೊಂಡು ಟೀಚರ್ ಮುಖವನ್ನೇ ನೋಡಿದಳು.

“ಮುಟ್ತು, ಅಕ್ಕ,” ಅಂದಳು ವನಜಾಕ್ಷಿ. “ನಾನು ನೋಡ್ದೆ.”